ಬಂಡಿಗಳ ಬೆನ್ನಿಗಿದ್ದ ಸೂರ್ಯ

ಶಾಲೆಯ ಕೆಲಸವನ್ನು ಸುಪ್ರಜಾ ಬಿಟ್ಟದ್ದು ಒಂದು ಮುಖದ ಬಣ್ಣಕ್ಕಾಗಿ ಎಂಬುದು ಗಾಂಧಿ ಬಜಾರಿನ ಅರ್ಧಕ್ಕರ್ಧ ಜನಕ್ಕೆ ಗೊತ್ತಿತ್ತು. ಹುಡುಗಿಯರ ಹೈಸ್ಕೂಲೊಂದರಲ್ಲಿ ಅವಳು ಡ್ರಾಯಿಂಗ್ ಟೀಚರಾಗಿದ್ದಳು. ಶಾಲೆಗೆ ಹೊಸ ಕಟ್ಟಡ ಕೊಟ್ಟ ದಾನಿಯೊಬ್ಬರು ತೀರಿಹೋದ ತಮ್ಮ ತಾಯಿಯ ಚಿತ್ರವನ್ನು ಸಭಾಂಗಣದಲ್ಲಿ ಹಾಕಬೇಕೆಂದರು. ಆಕೆ ಎಣ್ಣೆಗಪ್ಪು ಮೈಬಣ್ಣದ, ಕೆನ್ನೆಯ ಮೂಳೆ ಎದ್ದು ಕಾಣುವ ಗಟ್ಟಿ ಹೆಂಗಸು. ಫೋಟೋದಲ್ಲಿದ್ದ ಹಾಗೇ ಸುಪ್ರಜಾ ಬರೆದಳು.

"ಸ್ವಲ್ಪ ಬೆಳ್ಳಗೆ ಮಾಡ್ಬಿಡಿ ಟೀಚರ್, ದೊಡ್ಡೋರ ಮನೆಯವರು" ಎಂದರು ಆಡಳಿತ ಮಂಡಳಿಯವರು.

"ಅವರು ಬೆಳ್ಳಗಿದ್ದಿದ್ರೆ ಬೆಳ್ಳಗೇ ಬರೀತಿದ್ದೆ."

ಮಾತಿಗೆ ಮಾತು ಬೆಳೆಯಿತು. ಅವಳು ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬಂದವಳು ಮತ್ತೆ ಆ ಗೇಟು ದಾಟಲಿಲ್ಲ. ಆಮೇಲೆ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಿಗೆ ಗಣಪತಿ, ಬಾಳೆಕಂಬ, ಓಲಗದವರನ್ನು ಬರೆದುಕೊಡುವುದೇ ಜೀವನವಾಯಿತು. ಗಣಪತಿಯ ಮೈಬಣ್ಣದ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲವಲ್ಲ, ಅದೊಂದು ನೆಮ್ಮದಿ. ನಲವತ್ತು ದಾಟಿತ್ತು, ಮದುವೆ ಬೇಡವೆಂದಿದ್ದಳು. ಬಸವನಗುಡಿಯ ಮನೆಯಲ್ಲಿ ಅವಳು ಮತ್ತು ಸರ್ಕಾರಿ ಲೆಕ್ಕಪತ್ರದ ಆಫೀಸಿನಿಂದ ರಿಟೈರಾದ ಅವಳ ತಂದೆ ಸಂಕರ್ಷಣ ರಾಯರು, ಇಬ್ಬರೇ. ತಂದೆಯನ್ನು ಅವಳು ಕರೆಯುತ್ತಿದ್ದುದು ಅಣ್ಣ ಎಂದು. "ನಿಮ್ಮ ಮಗಳಿಗೆ ಮೂಗಿನ ತುದೀಲೇ ಕೋಪ" ಎಂದು ಯಾರಾದರೂ ಅಂದರೆ ರಾಯರು, "ಕೋಪ ಆಗಿದ್ರೆ ಇಳಿದುಹೋಗೋದು. ಅವಳದು ಹಟ" ಎನ್ನುತ್ತಿದ್ದರು. ಆ ದನಿಯಲ್ಲಿ ದೂರು ಎಷ್ಟಿತ್ತು, ಹೆಮ್ಮೆ ಎಷ್ಟಿತ್ತು ಎಂದು ಹೇಳುವುದು ಕಷ್ಟ.

ತೊಂಬತ್ತೆಂಟರ ಬೇಸಿಗೆಯಲ್ಲಿ ಸ್ವರೂಪ್ ಎಂಬ ಹುಡುಗ ಅವಳನ್ನು ಹುಡುಕಿಕೊಂಡು ಬಂದ. ಲಗ್ನಪತ್ರಿಕೆಯ ಅಂಗಡಿಯವರು ವಿಳಾಸ ಕೊಟ್ಟಿದ್ದರಂತೆ. ಕುಮಾರ ಪಾರ್ಕಿನಲ್ಲಿದ್ದ ತಾತನ ಮನೆಯ ಕೆಳಗಿನ ಅಂತಸ್ತನ್ನು ಒಡೆಸಿ ಅವನು ರೆಸ್ಟೋರೆಂಟ್ ಮಾಡುತ್ತಿದ್ದ. ಹಿಂದಿನ ವರ್ಷ ಅಮೆರಿಕ ಸುತ್ತಿ ಬಂದಿದ್ದನಂತೆ. ಅಲ್ಲಿಂದ ಒಂದು ಅಗಲ ಅಂಚಿನ ಹ್ಯಾಟನ್ನೂ, ತೊಡೆಯ ಮೇಲಿಟ್ಟರೆ ತೊಡೆ ಜೋಮು ಹಿಡಿಯುವಷ್ಟು ದಪ್ಪದ ಚಿತ್ರಪುಸ್ತಕವನ್ನೂ ತಂದಿದ್ದ. ಪುಸ್ತಕದ ತುಂಬ ನೂರೈವತ್ತು ವರ್ಷಗಳ ಹಿಂದಿನ ಅಮೆರಿಕ. ಪೂರ್ವದ ಊರುಗಳನ್ನು ಬಿಟ್ಟು ಪಶ್ಚಿಮದ ಬಯಲುಗಳಿಗೆ ಬಂಡಿ ಹೂಡಿಕೊಂಡು ಹೊರಟವರು, ಮರದ ದಿಮ್ಮಿಯ ಗುಡಿಸಲುಗಳು, ಕುದುರೆಗಳು, ಕಾಡೆಮ್ಮೆಯ ಹಿಂಡುಗಳು.

"ಮೇಡಂ, ಇದು" ಎಂದು ಸ್ವರೂಪ್ ಒಂದು ಪುಟ ಬಿಡಿಸಿದ. "ಬಾಗಿಲು ತೆಗೆದು ಒಳಗೆ ಬಂದ ತಕ್ಷಣ ಎದುರಿನ ಗೋಡೆ ಪೂರ್ತಿ ಇದೇ ಇರ್ಬೇಕು. ಊಟ ಮಾಡೋರಿಗೆ ತಾವೇ ವ್ಯಾಗನ್ನಲ್ಲಿ ಕೂತ್ಕೊಂಡು ಹೋಗ್ತಿರೋ ಥರ ಅನ್ನಿಸ್ಬೇಕು."

"ಎಣ್ಣೆ ಬಣ್ಣದಲ್ಲೇ ಬರೀಬೇಕು. ಕ್ಯಾನ್ವಾಸ್ ಬೇಕಾಗುತ್ತೆ. ತಿಂಗಳುಗಟ್ಟಲೆ ಆಗುತ್ತೆ."

"ಆಗ್ಲಿ ಮೇಡಂ. ಬುಕ್ಕು ನಿಮ್ಮತ್ರಾನೇ ಇರ್ಲಿ."

ಆ ವಾರ ಸುಪ್ರಜಾ ಪುಸ್ತಕ ಬಿಟ್ಟು ಏಳಲಿಲ್ಲ. ಅಡಿಗೆಮನೆಯಲ್ಲಿ ಹುಳಿ ಸೀದುಹೋಯಿತು. ಬರೆದವರು ಸಾಮಾನ್ಯರಲ್ಲ ಎಂಬುದು ಮೊದಲ ನೋಟಕ್ಕೇ ತಿಳಿಯುತ್ತಿತ್ತು. ಚಕ್ರದ ಕಬ್ಬಿಣದ ಪಟ್ಟಿ ಸವೆದು ಹೊಳೆಯುವುದು, ನೊಗ ಉಜ್ಜಿ ಎತ್ತಿನ ಹೆಗಲ ಕೂದಲು ಉದುರಿದ ಜಾಗ, ಹೆಂಗಸಿನ ಲಂಗಕ್ಕೆ ಹಾಕಿದ ತೇಪೆಯ ಹೊಲಿಗೆ, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗೆ. ಇನ್ನು ಬೆಳಕನ್ನಂತೂ ಕೇಳಲೇಬೇಡಿ. ಒಂದು ಪುಟದಲ್ಲಿ ಗುಡಿಸಲಿನೊಳಗೆ ಬೆಂಕಿ ಉರಿಯುತ್ತದೆ, ಅದರ ಮುಂದೆ ಕೂತ ಮುದುಕನ ಗಡ್ಡದ ಕೆಳಭಾಗ ಮಾತ್ರ ಕೆಂಪಗಿದೆ, ಹಣೆ ಕತ್ತಲಲ್ಲಿದೆ. ಇನ್ನೊಂದರಲ್ಲಿ ಕುದುರೆಯ ಕಾಲಿಂದ ಎದ್ದ ದೂಳನ್ನು ಇಳಿಬಿಸಿಲು ಹೊಕ್ಕು ಹೊನ್ನು ಮಾಡಿದೆ. "ಅಣ್ಣಾ, ಇಲ್ನೋಡು, ಇಲ್ನೋಡು" ಎಂದು ತಂದೆಯನ್ನು ಕರೆಕರೆದು ತೋರಿಸಿದಳು.

ಆದರೆ ಸ್ವರೂಪ್ ಆರಿಸಿದ ಚಿತ್ರದಲ್ಲಿ ಏನೋ ಅವಳ ಕಣ್ಣಿಗೆ ಚುಚ್ಚಿತು.

ಚಿತ್ರದಲ್ಲಿ ಹೊತ್ತು ಮೂಡುತ್ತಿದೆ. ಬಲಗಡೆಯಿಂದ ಬಿಳಿ ಬಟ್ಟೆಯ ಕಮಾನು ಹೊದ್ದ ಬಂಡಿಗಳ ಸಾಲು ಬರುತ್ತಿದೆ, ಸೂರ್ಯ ಅವುಗಳ ಬೆನ್ನಿಗೆ. ಎಡಗಡೆ ಒಂದು ಬಂಡೆ. ಅದರ ಮೇಲೆ ಆ ನೆಲದ ಮೂಲದ ಜನ ಒಂದಷ್ಟು ಮಂದಿ ನಿಂತು, ಬರುವ ಬಂಡಿಗಳನ್ನು ನೋಡುತ್ತಿದ್ದಾರೆ. ಬಂಡಿಯ ನೆರಳು ಎಡಕ್ಕೇ ಚಾಚಿದೆ, ಸರಿ. ಎತ್ತುಗಳ ನೆರಳೂ ಎಡಕ್ಕೆ, ಅದೂ ಸರಿ. ಹಾಗಾದರೆ ಸೂರ್ಯನಿಗೆ ಬೆನ್ನು ಹಾಕಿ ಬರುತ್ತಿರುವವರ ಮುಖ ಹೇಗೆ ದೀಪ ಹಿಡಿದ ಹಾಗೆ ಬೆಳಗುತ್ತಿದೆ? ಸೂರ್ಯನಿಗೆ ಮುಖಕೊಟ್ಟು ನಿಂತವರು ಹೇಗೆ ಮಸಿ ಮುದ್ದೆಗಳಾದರು? ಅವರಿಗೆ ಕಣ್ಣಿಲ್ಲ, ಮೂಗಿಲ್ಲ. ಬಂಡೆಯ ಒಂದು ಭಾಗದ ಹಾಗಿದ್ದಾರೆ.

ಮಾರನೆಯ ಬೆಳಿಗ್ಗೆ ರಾಯರು ವಾಕಿಂಗಿಗೆ ಹೊರಟಾಗ ಅವಳೂ ಹೊರಟಳು. ಬ್ಯೂಗಲ್ ರಾಕ್ ಬಂಡೆಯ ಮೇಲೆ ಅವರನ್ನು ನಿಲ್ಲಿಸಿ, ಪೂರ್ವಕ್ಕೆ ಬೆನ್ನು ಮಾಡು ಅಂದಳು. ಮಾಡಿದರು. ಮುಖ ನೆನೆದ ಸ್ಲೇಟಿನ ಹಾಗಿತ್ತು. ಕಿವಿಯ ಅಂಚು ಮಾತ್ರ ಕೆಂಪಾಗಿ ಉರಿಯುತ್ತಿತ್ತು.

"ಈಗ ಈ ಕಡೆ ತಿರುಗು."

"ಏನೇ ಇದು, ನಾನೇನು ಗಡಿಯಾರದ ಮುಳ್ಳೇ?" ಎನ್ನುತ್ತ ರಾಯರು ಸೂರ್ಯನ ಕಡೆ ತಿರುಗಿದರು. ಹಣೆಯ ಒಂದೊಂದು ಗೆರೆಯೂ, ಹುಬ್ಬಿನ ಒಂದೊಂದು ಬಿಳಿ ಕೂದಲೂ ಎದ್ದು ನಿಂತವು. "ಬೇಗ ನೋಡ್ಕೊಳೇ, ಕಣ್ಣು ಬಿಡಕ್ಕಾಗ್ತಿಲ್ಲ."

ಸುಪ್ರಜಾ ನೋಡುತ್ತಲೇ ನಿಂತಳು. ಬೆಳಕು ಗೊತ್ತಿಲ್ಲದವನು ಮಾಡಿದ ತಪ್ಪಲ್ಲ ಅದು. ಎತ್ತಿನ ಹೆಗಲ ಮೇಲಿನ ಬೋಳು ಕಲೆಯನ್ನು ಕಂಡವನಿಗೆ ಮನುಷ್ಯರ ಮುಖದ ಮೇಲಿನ ಬಿಸಿಲು ಕಾಣಿಸಲಿಲ್ಲವೆಂದರೆ ನಂಬುವವರು ಯಾರು? ಮೊಳೆ, ಚಕ್ರ, ಹೊಲಿಗೆಗಳನ್ನೆಲ್ಲ ನಿಜ ಮಾಡಿಕೊಂಡು, ಆ ನಿಜದ ಮರೆಯಲ್ಲಿ ಚಿತ್ರಕಾರ ಒಂದು ಸುಳ್ಳನ್ನು ಸಾಗಿಸಿಬಿಟ್ಟಿದ್ದ. ಅವಳಿಗೆ ಶಾಲೆಯ ಸಭಾಂಗಣ ನೆನಪಾಗಿ ಮೈ ಉರಿಯಿತು.

ಸ್ವರೂಪನಿಗೆ ಅವಳು ಮುಚ್ಚುಮರೆ ಮಾಡಲಿಲ್ಲ. "ಇದರಲ್ಲಿ ಬೆಳಕು ತಪ್ಪಿದೆ. ನಾನು ಸರಿ ಮಾಡಿ ಬರೀತೀನಿ" ಎಂದು ಫೋನಿನಲ್ಲೇ ಹೇಳಿದಳು.

"ಸೂಪರ್ ಮೇಡಂ! ಲೈಟಿಂಗ್ ಇನ್ನೂ ಜಾಸ್ತಿ ಬರ್ಲಿ" ಎಂದ ಅವನು.

ಗೋಡೆಗೆ ಕ್ಯಾನ್ವಾಸು ಬಿಗಿದು, ಮರದ ಸಾರವೆ ಕಟ್ಟಿಸಿ ಸುಪ್ರಜಾ ಕೆಲಸ ಶುರುಮಾಡಿದಳು. ಸೀರೆ ಉಟ್ಟು ಸಾರವೆ ಹತ್ತಲಾಗುವುದಿಲ್ಲವೆಂದು ರಾಯರ ಹಳೆಯ ಪ್ಯಾಂಟು, ಷರಟು ಹಾಕಿಕೊಂಡು ಬರುತ್ತಿದ್ದಳು. ಟೈಲ್ಸ್ ಕೂರಿಸುವವರು, ವೈರಿಂಗಿನವರು ಮೊದಮೊದಲು ನಕ್ಕರು, ಆಮೇಲೆ ಅವರಿಗೆ ರೂಢಿಯಾಯಿತು. ಮೊದಲು ಬರೆದದ್ದು ಬಂಡೆಯ ಮೇಲಿನ ಜನರನ್ನೇ. ಕಂದು ಚರ್ಮದ ಮೇಲೆ ಬೆಳಗಿನ ಬಿಸಿಲು ಹೇಗೆ ಕೂರುತ್ತದೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಕಿಟಕಿಯ ಬಳಿ ತನ್ನ ತೋಳನ್ನೇ ಚಾಚಿ ನೋಡಿದಳು. ಬಿಸಿಲು ಬಿದ್ದಲ್ಲಿ ತಾಮ್ರ, ತಿರುಗುವ ಅಂಚಿನಲ್ಲಿ ಒಂದು ಎಳೆ ನೀಲಿ, ನೆರಳಿನೊಳಗೂ ಕೆಂಪು. ಅದರಲ್ಲಿ ಎಲ್ಲಿಯೂ ಮಸಿ ಇರಲಿಲ್ಲ.

ಸ್ವರೂಪನ ತಾತ ದೊಡ್ಡಬೈರಪ್ಪನವರು ಮಹಡಿಯಿಂದ ಇಳಿದು ಬಂದು ಒಂದು ಬೆತ್ತದ ಕುರ್ಚಿ ಹಾಕಿಸಿಕೊಂಡು ದಿನಾ ಕೂರತೊಡಗಿದರು. ಬಿಳಿ ಪಂಚೆ, ಹೆಗಲ ಮೇಲೊಂದು ವಲ್ಲಿ, ಎಂಬತ್ತರ ಹತ್ತಿರದ ವಯಸ್ಸು. ಊರಿನ ಜಮೀನು ನಗರದ ಪಾಲಾದ ಮೇಲೆ ಇಟ್ಟಿಗೆ, ಸೈಟು ಎಂದು ಕೈಹಾಕಿ ಮೇಲೆ ಬಂದವರು. ಮಾತು ಕಡಿಮೆ. ಬಂಡೆಯ ಮೇಲಿನ ಮುಖಗಳು ಒಂದೊಂದಾಗಿ ಮೂಡಿದ ಮೇಲೆ ಒಂದು ದಿನ ಕೇಳಿದರು:

"ಇವ್ರು ಯಾರವ್ವ, ಹಿಂಗೆ ಕಣ್ ಕಿರಿದು ಮಾಡ್ಕಂಡು ನಿಂತವ್ರೆ?"

"ಆ ನೆಲ ಇವರದೇ ಅಜ್ಜಾ. ಬಂಡೀಲಿ ಬರ್ತಿರೋರು ಅಲ್ಲಿ ಮನೆ ಕಟ್ಕೊಳ್ಳೋಕೆ ಬರ್ತಿದಾರೆ. ಬಿಸಿಲು ಎದುರಿಗಿದೆಯಲ್ಲ, ಅದಕ್ಕೆ ಕಣ್ಣು ಕಿರಿದು."

ಮುದುಕರು ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ನಮ್ಮೂರ್ಗೂ ಹೊತ್ತಾರೆನೇ ಬಂದ್ರು. ನೆಲ ಅಳ್ಯಾಕೆ ಸರಪಳಿ, ಮೂರ್ ಕಾಲಿನ ದುರ್ಬೀನು ಎಲ್ಲ ತಕಂಡು. ನಾವು ಕೆರೆ ಏರಿ ಮೇಲೆ ನಿಂತಿದ್ವಿ. ಮೂಡ್ಲಿಂದ ಬರ್ತಾವ್ರೆ, ಬಿಸ್ಲು ನಮ್ ಕಣ್ಗೇ ಹೊಡೀತೈತೆ. ಬಂದೋರ ಮಖಾನೇ ಕಾಣಾಕಿಲ್ಲ. ಯಾರು, ಎತ್ತ ಅಂತ ತಿಳಿಯಾ ಹೊತ್ಗೆ ರಾಗಿ ಹೊಲದಾಗೆ ಕಲ್ಲು ನೆಟ್ಟಿದ್ರು."

ಸುಪ್ರಜಾ ಬ್ರಷ್ ಹಿಡಿದುಕೊಂಡೇ ಸಾರವೆಯ ಮೇಲೆ ಕೂತುಬಿಟ್ಟಳು. "ನೀವೇನು ಮಾಡಿದ್ರಿ ಅಜ್ಜಾ?"

"ಏನ್ ಮಾಡಾದು? ನಮ್ಮಪ್ಪ ಒಂದ್ ಕಲ್ಲು ಕಿತ್ತಾಕ್ದ. ಮಾರ್ನೇ ದಿನ ಇನ್ನೊಂದು ನೆಟ್ರು" ಎಂದರು. ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ, "ಆಮೇಕೆ ನಾನೂ ಬೇರೇರ ಹೊಲ್ದಾಗೆ ಕಲ್ಲು ನೆಟ್ಟೆ ಬಿಡು" ಎಂದೂ ಸೇರಿಸಿದರು. ಅದನ್ನು ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಬಂಡಿಗಳೂ ಮುಗಿದವು. ಬಟ್ಟೆಯ ಕಮಾನುಗಳೊಳಗೆ ಬೆಳಕು ಹೊಕ್ಕು ಅವು ಹಚ್ಚಿಟ್ಟ ಗೂಡುದೀಪಗಳ ಹಾಗೆ ಕಾಣುತ್ತಿದ್ದವು. ನಡೆದು ಬರುವವರ ಕೂದಲ ಅಂಚು, ಹ್ಯಾಟಿನ ಅಂಚು ಚಿನ್ನದ ಗೆರೆ. ಮುಖಗಳು ಮಾತ್ರ ತಣ್ಣನೆಯ ನೆರಳಿನಲ್ಲಿ. ಹುಡುಕಿದರೆ ಅಲ್ಲಿ ದಣಿವೂ ಇತ್ತು, ಭಯವೂ ಇತ್ತು. ಅವರನ್ನು ಅವಳು ರಾಕ್ಷಸರನ್ನಾಗಿಯೂ ಮಾಡಿರಲಿಲ್ಲ.

ಊರೂರು ಸುತ್ತುತ್ತಿದ್ದ ಸ್ವರೂಪ್ ಪೂರ್ತಿ ಚಿತ್ರ ನೋಡಿದ್ದು ಆಗಲೇ. ಹ್ಯಾಟು ತೆಗೆದು, ಮತ್ತೆ ಹಾಕಿಕೊಂಡು, ಹತ್ತಿರ ಹೋಗಿ ದೂರ ಬಂದ.

"ಮೇಡಂ, ಏನಿದು? ಹೀರೋ ಮುಖ ಕಪ್ಪಗಿದೆ, ವಿಲನ್‌ಗೆ ಲೈಟ್ ಹೊಡೆದಿದೀರಲ್ಲ!"

"ಲೈಟ್ ಹೊಡೆದದ್ದು ನಾನಲ್ಲ. ಸೂರ್ಯ ಆ ಕಡೆ ಇದಾನೆ. ಬೆಳಕು ತಪ್ಪಿದೆ, ಸರಿ ಮಾಡ್ತೀನಿ ಅಂತ ಹೇಳಿದ್ದೆ."

"ಇದು ರೆಸ್ಟೋರೆಂಟ್ ಮೇಡಂ, ಸೈನ್ಸ್ ಕ್ಲಾಸಲ್ಲ. ಜನ ಖುಷಿಯಾಗಿ ತಿನ್ನೋಕೆ ಬರ್ತಾರೆ. ಈ ರೆಡ್ ಇಂಡಿಯನ್ಸ್ ಹಿಂಗೆ ದಿಟ್ಟಿಸ್ಕೊಂಡು ನಿಂತಿದ್ರೆ ಗಂಟಲಲ್ಲಿ ಇಳಿಯುತ್ತಾ? ಮುಖ ಒಂದಿಷ್ಟು ಡಾರ್ಕ್ ಮಾಡಿ, ಈ ಕಡೆಯವ್ರದ್ದು ಬ್ರೈಟ್ ಮಾಡಿ. ಎರಡು ದಿನದ ಕೆಲಸ."

"ನನ್ನ ಕೈಲಿ ಆಗಲ್ಲ."

"ಆಗಲ್ವಾ, ಮಾಡಲ್ವಾ?"

"ಮಾಡಲ್ಲ."

ಸ್ವರೂಪ್ ತಾತನ ಕಡೆ ತಿರುಗಿದ. "ತಾತ, ನೀವಾದ್ರೂ ಹೇಳಿ." ದೊಡ್ಡಬೈರಪ್ಪನವರು ವಲ್ಲಿಯಿಂದ ಮುಖ ಒರೆಸಿಕೊಂಡರು. "ಓಟ್ಲು ನಿಂದು. ನಾನ್ಯಾಕ್ ಬಾಯ್ ಹಾಕ್ಲಿ" ಎಂದು ಎದ್ದು ಮಹಡಿಗೆ ಹೋದರು. ಸುಪ್ರಜಾಳಿಗೆ ಪಿಚ್ಚೆನಿಸಿತು. ಬ್ರಷ್‌ಗಳನ್ನು ತೊಳೆದು, ಪೆಟ್ಟಿಗೆಗೆ ತುಂಬಿ ಮನೆಗೆ ಬಂದಳು.

"ಅವನು ಕೇಳಿದ್ದು ಕೊಟ್ಟುಬಿಡೇ" ಎಂದರು ರಾಯರು ರಾತ್ರಿ ಊಟಕ್ಕೆ ಕೂತಾಗ. "ಅಮೆರಿಕದಲ್ಲಿ ಯಾವ ಕಾಲದಲ್ಲೋ ಯಾರ ಮುಖದ ಮೇಲೋ ಬಿದ್ದ ಬಿಸಿಲು. ನಿನಗ್ಯಾಕೆ?"

"ಕೇಳಿದ್ದು ಕೊಡೋಕೆ ಬರೋ ಹಾಗಿದ್ರೆ ಇಷ್ಟು ಹೊತ್ತಿಗೆ ಹೆಡ್‌ಮಿಸ್ಟ್ರೆಸ್ ಆಗಿರ್ತಿದ್ದೆ ಅಣ್ಣ."

ರಾಯರು ಮಜ್ಜಿಗೆ ಬಡಿಸಿಕೊಂಡರು.

ಶ್ರಾವಣದ ಕೊನೆಗೆ, ಉದ್ಘಾಟನೆಯ ದಿನ ಬೆಳಿಗ್ಗೆ ಫೋನು ಬಡಿಯಿತು. ದೊಡ್ಡಬೈರಪ್ಪನವರ ದನಿ. ಫೋನಿನಲ್ಲಿ ಮಾತಾಡಿ ರೂಢಿಯಿಲ್ಲದವರ ಹಾಗೆ ಕೂಗುತ್ತಿದ್ದರು. "ಅವ್ವ, ನಿನ್ನೆ ಸಂಜೆ ಯಾರೋ ಸಿನ್ಮಾ ಬ್ಯಾನರ್ ಬರ್ಯೋನ್ನ ಕರಿಸಿ ನಿನ್ ಬೊಂಬೆಗಳ್ ಮಖಕ್ಕೆ ಮಸಿ ಬಳಿಸವ್ನೆ. ಬರಂಗಿದ್ರೆ ಬಾ." ಅಷ್ಟೇ ಹೇಳಿ ಇಟ್ಟುಬಿಟ್ಟರು.

ಸುಪ್ರಜಾ ಎಣ್ಣೆಯ ಸೀಸೆ, ಟರ್ಪಂಟೈನು, ಹಳೆಯ ಪಂಚೆಯ ಚೂರುಗಳನ್ನು ಚೀಲಕ್ಕೆ ತುರುಕಿದಳು. ಚಪ್ಪಲಿ ಮೆಟ್ಟುವಷ್ಟರಲ್ಲಿ ರಾಯರು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನೀನೆಲ್ಲಿಗೆ ಅಣ್ಣ?"

"ಅಲ್ಲಿ ನಿನ್ನ ಕಡೆ ಒಬ್ಬರಾದ್ರೂ ಬೇಡ್ವೇನೇ? ಆಟೋ ಕರಿ."

ಕುಮಾರ ಪಾರ್ಕಿನ ಮನೆಯ ಮುಂದೆ ಮಾವಿನ ತೋರಣ, ಶಾಮಿಯಾನ. ಒಳಗೆ ಪುರೋಹಿತರು ಹೋಮಕ್ಕೆ ಇಟ್ಟಿಗೆ ಜೋಡಿಸುತ್ತಿದ್ದರು. ನೆಂಟರಿಷ್ಟರು ಆಗಲೇ ಒಬ್ಬೊಬ್ಬರಾಗಿ ಬರುತ್ತಿದ್ದರು. ಸುಪ್ರಜಾ ಗೋಡೆ ನೋಡಿದಳು. ಬಂಡಿಯವರ ಮುಖಗಳಿಗೆ ಗುಲಾಬಿ ಬಣ್ಣ ಮೆತ್ತಿತ್ತು. ಬಂಡೆಯ ಮೇಲೆ ಯಾರೂ ಇರಲಿಲ್ಲ, ಇದ್ದದ್ದು ಕಪ್ಪು ಗುಪ್ಪೆಗಳು. ಬ್ಯಾನರ್ ಬರೆಯುವವನನ್ನು ಬೈದು ಫಲವಿಲ್ಲ, ಹೇಳಿದ್ದನ್ನು ಮಾಡಿ ಹೋಗಿದ್ದ. ಅವಳು ಬೆರಳಿನಿಂದ ಕೆಳಗಿನ ಒಂದು ಮೂಲೆ ಮುಟ್ಟಿದಳು. ಅಂಟುತ್ತಿತ್ತು. ಹಸಿ.

ತನ್ನ ಬಣ್ಣ ತಿಂಗಳುಗಳ ಹಿಂದೆಯೇ ಒಣಗಿದ್ದು. ಮೇಲಿನದು ಬಿಡುತ್ತದೆ, ಕೆಳಗಿನದು ನಿಲ್ಲಬೇಕು. ನಿಲ್ಲದಿದ್ದರೆ? ತನ್ನ ಕೈಯಾರೆ ಆ ಮುಖಗಳನ್ನು ಒರೆಸಿ ಹಾಕಿದ ಹಾಗಾಗುತ್ತದೆ. ಆದರೆ ಹೀಗೆ ಬಿಟ್ಟು ಹೋಗುವುದಂತೂ ಆಗದು.

ದೀಪದ ಸರ ಕಟ್ಟಲು ತಂದಿದ್ದ ಏಣಿಯನ್ನು ಎಳೆದು ಗೋಡೆಗೆ ಒರಗಿಸಿದಳು. ಏಣಿ ಅಲುಗಾಡಿತು. ಯಾರೋ ಬಂದು ಬುಡ ಹಿಡಿದರು. ಬಗ್ಗಿ ನೋಡಿದರೆ ದೊಡ್ಡಬೈರಪ್ಪನವರು, ಹೊಸ ಜರಿ ಪಂಚೆಯಲ್ಲಿ.

"ಹತ್ತು. ನಾನ್ ಹಿಡ್ಕಂಡಿವ್ನಿ."

ರಾಯರು ಸೀಸೆಯ ಬಿರಡೆ ತೆಗೆದು ಕೊಟ್ಟರು. ಮೊದಲು ಬರೀ ಎಣ್ಣೆ. ಬಟ್ಟೆ ಅದ್ದಿ, ಮಗುವಿನ ಬಾಯಿ ಒರೆಸುವಷ್ಟು ಹಗುರಾಗಿ ಮೊದಲ ಗುಪ್ಪೆಯ ಮೇಲೆ ಎಳೆದಳು. ಕಪ್ಪು ಬಟ್ಟೆಗೆ ಬಂತು. ಒಂದು ಹನಿ ಟರ್ಪಂಟೈನು ಸೇರಿಸಿ ಇನ್ನೊಮ್ಮೆ ಎಳೆದಳು. ಒಂದು ಕೆನ್ನೆಯ ಮೂಳೆ ಕಂಡಿತು. ಆಮೇಲೆ ಕಿರಿದು ಮಾಡಿದ ಕಣ್ಣು. ತಾಮ್ರ, ನೀಲಿ, ಕೆಂಪು, ಎಲ್ಲವೂ ಇದ್ದ ಹಾಗೇ ಇದ್ದವು. ಸುಪ್ರಜಾಳ ಗಂಟಲಿನಿಂದ ಅವಳಿಗೇ ಗೊತ್ತಿಲ್ಲದೆ ನಗೆಯಂಥದೊಂದು ಸದ್ದು ಹೊರಟಿತು.

ಬಂದ ನೆಂಟರು ಕುರ್ಚಿ ಬಿಟ್ಟು ಎದ್ದು ಗೋಡೆಯ ಮುಂದೆ ಗುಂಪುಗೂಡಿದರು. "ಯಾರೋ ಇದಾರೆ ನೋಡೇ ಒಳಗೆ!" ಎಂದಳು ಒಬ್ಬಳು ಹೆಂಗಸು. ಇನ್ನೊಂದು ಮುಖ ಬಂದಾಗ ಮಕ್ಕಳು ಕೂಗಿದವು.

ಸ್ವರೂಪ್ ಹೊರಗಿನಿಂದ ಓಡಿ ಬಂದ. "ಮೇಡಂ! ಇಳೀರಿ ಕೆಳಗೆ! ಪೋಲೀಸ್ ಕರೀತೀನಿ!"

"ಕರೀರಿ. ಅವರು ಬರೋಷ್ಟರಲ್ಲಿ ಇನ್ನೆರಡು ಮುಖ ಆಗುತ್ತೆ."

"ಇದು ನನ್ನ ಗೋಡೆ!"

"ಗೋಡೆ ನಿಮ್ದೇ. ಬೇಡ ಅಂದ್ರೆ ಇಡೀ ಕ್ಯಾನ್ವಾಸ್ ಬಿಚ್ಚಿ ಹೊರಗೆ ಹಾಕಿ, ನಾನು ತುಟಿ ಬಿಚ್ಚಲ್ಲ. ಆದ್ರೆ ಇದು ಇಲ್ಲಿರೋವರೆಗೆ ಇವರ ಮುಖ ಹೀಗೇ ಇರುತ್ತೆ. ನೀವು ಮತ್ತೆ ಬಳಿಸಿದ್ರೆ ನಾನು ಮತ್ತೆ ಬಂದು ಒರೆಸ್ತೀನಿ."

ಸ್ವರೂಪ್ ಏಣಿಗೆ ಕೈ ಹಾಕಲು ಹೋದ. ಅಲ್ಲಿ ತಾತ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಬುಡು ತಾತ."

"ಬುಡಾಕಿಲ್ಲ ಕಣ್ ಮಗ. ಬುಟ್ರೆ ಆವಮ್ಮ ಬೀಳ್ತದೆ."

ಹೋಮದ ಹೊತ್ತು ಮೀರುತ್ತದೆಂದು ಪುರೋಹಿತರು ಗಂಟೆ ಬಾರಿಸಿದರು. ಬರಬೇಕಾದ ಮಂತ್ರಿಗಳ ಕಾರು ರಸ್ತೆಯ ತಿರುವಿನಲ್ಲಿದೆಯೆಂದು ಯಾರೋ ಕೂಗಿದರು. ಸ್ವರೂಪ್ ಹಲ್ಲು ಕಚ್ಚಿ ಹೊರಗೆ ಹೋದ. ಹೋಮದ ಹೊಗೆ ಏರುತ್ತಿದ್ದಂತೆಯೇ ಸುಪ್ರಜಾ ಬಂಡಿಯವರ ಮುಖದ ಗುಲಾಬಿಯನ್ನೂ ಒರೆಸಿ ನೆರಳನ್ನು ಮರಳಿಸಿದಳು. ಇಳಿದಾಗ ಕೈ ಮೊಣಕೈವರೆಗೆ ಕಪ್ಪು. ದೊಡ್ಡಬೈರಪ್ಪನವರ ಜರಿ ಪಂಚೆಯ ಮೇಲೂ ಹನಿಗಳು ಬಿದ್ದಿದ್ದವು.

ಸ್ವರೂಪ್ ಚಿತ್ರವನ್ನು ಬಿಚ್ಚಿಸಲಿಲ್ಲ. ಅಷ್ಟು ದೊಡ್ಡ ಗೋಡೆ ಬೋಳಾಗಿ ಕಾಣುತ್ತದೆಂದೋ, ತಾತನ ಮೇಲಿನ ಅಳುಕಿನಿಂದಲೋ. ಆದರೆ ಸೋಲಲೂ ಒಪ್ಪಲಿಲ್ಲ. ಚಿತ್ರದ ಬಂಡೆಯ ಮುಂದೆ ಆಳೆತ್ತರ ಮೀರಿದ ಅಲಂಕಾರದ ಗಿಡಗಳ ಕುಂಡಗಳನ್ನು ಸಾಲಾಗಿ ಇಡಿಸಿದ. ಸುಪ್ರಜಾಳಿಗೆ ಆ ಸುದ್ದಿ ತಲುಪಿದ್ದೇ ತಡ, ಭಾನುವಾರ ತಂದೆಯನ್ನು ಕರೆದುಕೊಂಡು ಗಿರಾಕಿಯ ಹಾಗೆ ಒಳಗೆ ಹೋದಳು. ಅಂಥ ಜಾಗದಲ್ಲಿ ಏನು ತಿನ್ನಬೇಕೆಂದು ರಾಯರಿಗೆ ತಿಳಿಯಲಿಲ್ಲ. ಹೊಗೆಯಾಡುವ ಕಬ್ಬಿಣದ ತಟ್ಟೆಯಲ್ಲಿ ಬಂದ ತರಕಾರಿಯನ್ನು ಅನುಮಾನದಿಂದ ನೋಡಿದರು. ಅವಳು ಎದ್ದು ಹೋಗಿ ಮೊದಲನೆಯ ಕುಂಡವನ್ನು ಎರಡೂ ಕೈಯಿಂದ ಹಿಡಿದು ಪಕ್ಕಕ್ಕೆ ಎಳೆದಳು. ಸಪ್ಲೈಯರ್ ಓಡಿ ಬಂದ.

"ಮೇಡಂ, ಅದನ್ನ ಸರಿಸ್ಬಾರ್ದು, ಓನರ್ ಬೈತಾರೆ."

"ನಂಗೆ ಚಿತ್ರ ಕಾಣ್ತಿಲ್ಲಪ್ಪ. ನಾವು ಹೋದ್ಮೇಲೆ ಬೇಕಾದ್ರೆ ಮತ್ತೆ ಇಟ್ಕೋ."

ಅವರು ಹೋದ ಮೇಲೆ ಅವನು ಇಟ್ಟ. ಮುಂದಿನ ಭಾನುವಾರ ಅವಳು ಮತ್ತೆ ಬಂದಳು, ಮತ್ತೆ ಸರಿಸಿದಳು. ಹೀಗೇ ನಡೆಯಿತು. ಕ್ರಮೇಣ ಪಕ್ಕದ ಟೇಬಲಿನವರೂ, "ಸ್ವಲ್ಪ ಅದನ್ನ ಈ ಕಡೆ ಎಳೀರಿ, ಹಿಂದೆ ಯಾರೋ ನಿಂತಿದಾರಲ್ಲ" ಎಂದು ಕೇಳತೊಡಗಿದರು. ದಸರಾ ಕಳೆದ ಮೇಲೆ ಒಂದು ಭಾನುವಾರ ಹೋದಾಗ ಒಂದೇ ಒಂದು ಕುಂಡ ಉಳಿದಿತ್ತು.

ಸುಪ್ರಜಾ ಬ್ಯಾಗನ್ನು ಕುರ್ಚಿಯ ಮೇಲಿಟ್ಟು, ತೋಳು ಮೇಲೇರಿಸಿದಳು.

"ಇರು" ಎಂದರು ಸಂಕರ್ಷಣ ರಾಯರು. "ಆ ಕಡೆಯಿಂದ ನಾನೂ ಹಿಡೀತೀನಿ."